ಅಕ್ಷರ ಬಾರದ ತಂದೆತಾಯಿ ಮತ್ತು ಮಕ್ಕಳ ಫಲಿತಾಂಶ

(ಮಧುಗಿರಿಯಲ್ಲಿ ನಡೆದ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ಇಂದಿನ ಸಭೆಗೆ ಶಿರಾ, ಕೊರಟಗೆರೆ ಮತ್ತು ಪಾವಗಡಗಳಿಂದಲೂ ಪೋಷಕರು ಬಂದಿದ್ದೀರಿ. ಕಂದಾಯದ ಲೆಕ್ಕದಲ್ಲಿ ನಾವೆಲ್ಲರೂ ತುಮಕೂರು ಜಿಲ್ಲೆಯವರು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ನಮ್ಮ ನಾಲ್ಕು ತಾಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನ ನಮ್ಮ ಶೈಕ್ಷಣಿಕ ಜಿಲ್ಲೆಗೆ ಎಷ್ಟನೆಯ ಸ್ಥಾನ ಬಂದಿದೆ ಎಂದು ಎಲ್ಲರೂ ಹುಡುಕುತ್ತೇವೆ. ಸ್ಥಾನ ಕುಸಿದರೆ ಶಿಕ್ಷಕರನ್ನು ದೂರುತ್ತೇವೆ, ಇಲಾಖೆಯನ್ನು ದೂರುತ್ತೇವೆ. ಆ ಪಟ್ಟಿಯಲ್ಲಿ ನಮ್ಮ ಮನೆಗಳ ಲೆಕ್ಕವೂ ಅಡಗಿದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಸಭೆ ಆರಂಭವಾಗುವ ಮುನ್ನ ಹಿರಿಯರೊಬ್ಬರು ನನ್ನ ಕೈ ಹಿಡಿದು, "ನಾನು ಹೆಬ್ಬೆಟ್ಟಿನವನು ಸಾರ್, ಮಗನಿಗೆ ಗಣಿತ ಹೇಗೆ ಹೇಳಿಕೊಡಲಿ?" ಎಂದು ಕೇಳಿದರು. ಅವರು ಹೇಳಿಕೊಡಬೇಕಾಗಿಲ್ಲ. ನಾನು ಇಂದು ಹೇಳಬೇಕೆಂದಿರುವುದೇ ಅದು.

1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ತಮ್ಮ ದೇಶದ ಶಾಲೆಗಳ ಬಗ್ಗೆ ದೊಡ್ಡದೊಂದು ವರದಿ ಸಲ್ಲಿಸಿದರು. ಶಾಲೆಯ ಕಟ್ಟಡ ಮತ್ತು ಪ್ರಯೋಗಾಲಯಗಳಿಗಿಂತ ಮಗು ಬಂದ ಮನೆಯ ಹಿನ್ನೆಲೆಯೇ ಅದರ ಸಾಧನೆಯಲ್ಲಿ ಹೆಚ್ಚು ಎದ್ದು ಕಾಣುತ್ತದೆ ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದಾಗಿತ್ತು. ಇದನ್ನು ಕೇಳಿದರೆ ಬಡವನಿಗೆ ನಿರಾಶೆಯಾಗುವುದು ಸಹಜ. ಆದರೆ ಅದೇ ದೇಶದಲ್ಲಿ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ವಿದ್ವಾಂಸೆಯರು ಹದಿಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳ ಕುರಿತಾದ 50 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ಬರಹವು ಬೇರೆಯೇ ಬಾಗಿಲನ್ನು ತೆರೆಯುತ್ತದೆ. ತಂದೆತಾಯಿಗಳು ಪಕ್ಕದಲ್ಲಿ ಕುಳಿತು ಹೋಂವರ್ಕ್ ಮಾಡಿಸುವುದಕ್ಕೂ ಒಳ್ಳೆಯ ಅಂಕಗಳಿಗೂ ಹೇಳಿಕೊಳ್ಳುವಂತಹ ನಂಟು ಅವರಿಗೆ ಕಾಣಲಿಲ್ಲ. ಓದಿನ ಬೆಲೆಯೇನು, ಮುಂದೆ ನೀನು ಏನಾಗಬೇಕೆಂದಿರುವೆ, ಇಂದಿನ ಪಾಠಕ್ಕೂ ಅದಕ್ಕೂ ಏನು ಸಂಬಂಧ ಎಂದು ಮನೆಯಲ್ಲಿ ಮಾತನಾಡುವುದರ ಜೊತೆಗೆ ಅತ್ಯಂತ ಗಟ್ಟಿಯಾದ ನಂಟು ಕಂಡುಬಂತು. ಆ ಮಾತನ್ನಾಡಲು ಅಕ್ಷರ ಬರಬೇಕೆಂದಿಲ್ಲ.

ನಾವು ಮನೆಯಲ್ಲಿ ಯಾವ ಮಾತನ್ನಾಡುತ್ತೇವೆ? "ಡಿಗ್ರಿ ಮಾಡಿದವರೇ ಖಾಲಿ ಕೂತಿದ್ದಾರೆ, ನೀನು ಓದಿ ಯಾವ ಕಲೆಕ್ಟರ್ ಆಗಬೇಕು?" ಊಟದ ಹೊತ್ತಿನಲ್ಲಿ, ಯಾವ ದುರುದ್ದೇಶವೂ ಇಲ್ಲದೆ ಆಡುವ ಮಾತಿದು. ಎಂಟನೆಯ ತರಗತಿಯ ಹುಡುಗ ಕೇಳಿಸಿಕೊಳ್ಳುತ್ತಾನೆ. ಒಂಬತ್ತರಲ್ಲಿ ಗ್ಯಾರೇಜಿನ ಕಡೆ ನೋಡುತ್ತಾನೆ. ಹತ್ತರಲ್ಲಿ ಒಂದು ವಿಷಯ ಹೋದರೆ ಸ್ಪಾನರ್ ಅವನ ಕೈಯಲ್ಲಿರುತ್ತದೆ. ದುಡಿಮೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಇಂದು ದುಡಿಮೆಯ ಬಾಗಿಲಲ್ಲೂ ಎಸ್ಸೆಸ್ಸೆಲ್ಸಿ ಕಾವಲು ನಿಂತಿದೆ. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ತಲೆಯೆತ್ತಿದೆ. ಅಂತಹ ಕಡೆ ತಂತ್ರಜ್ಞನಾಗಿ ನಿಲ್ಲಬೇಕೆನ್ನುವವನು ಐಟಿಐ ಮೆಟ್ಟಿಲು ಹತ್ತಬೇಕು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ತರಬೇತಿಗೆ ಸೇರಲು ಹತ್ತನೆಯ ತರಗತಿ ಪಾಸಾಗಿರಬೇಕು. ಪಾಸಾಗದವನ ಪಾಲಿಗೆ ಉಳಿಯುವುದು ಪ್ಯಾನೆಲ್ ಒರೆಸುವ ಕೂಲಿ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಬಾಲಕಿಯರಲ್ಲಿ ಶೇ. 74 ಮಂದಿ ತೇರ್ಗಡೆಯಾದರೆ ಬಾಲಕರಲ್ಲಿ ಶೇ. 58 ಮಾತ್ರ. ಇದು ಎಲ್ಲ ಸಮುದಾಯಗಳೂ ಸೇರಿದ ಲೆಕ್ಕ. ಹೆಣ್ಣುಮಕ್ಕಳು ಬುದ್ಧಿವಂತೆಯರು ಎಂದು ಹೊಗಳಿ ನಾವು ಸುಮ್ಮನಾಗುತ್ತೇವೆ. ಮಗಳು ಸಂಜೆ ಆರಕ್ಕೆ ಮನೆಯಲ್ಲಿರಬೇಕೆಂದು ಕಾಯುವ ತಂದೆ, ಮಗ ರಾತ್ರಿ ಹನ್ನೊಂದಕ್ಕೆ ಬಂದರೂ ಎಲ್ಲಿದ್ದೆ ಎಂದು ಕೇಳುವುದಿಲ್ಲ. 2023, 2024 ಮತ್ತು 2025, ಮೂರು ವರ್ಷವೂ ಈ ಪರೀಕ್ಷೆ ರಮಝಾನ್ ತಿಂಗಳಲ್ಲಿಯೇ ಬಂತು. ತರಾವೀಹ್ ಮುಗಿದ ಬಳಿಕ ನಮ್ಮ ಮೊಹಲ್ಲಾಗಳ ಚಹಾದಂಗಡಿಗಳ ಮುಂದೆ ಮಧ್ಯರಾತ್ರಿಯವರೆಗೆ ನಿಂತಿದ್ದವರಲ್ಲಿ ಮರುವಾರ ಪರೀಕ್ಷೆ ಬರೆಯಬೇಕಾದ ಹುಡುಗರೂ ಇದ್ದರು. ಅವರಿಗೆ ನಿದ್ದೆಯೂ ಇಲ್ಲ, ಓದೂ ಇಲ್ಲ. ಉಪವಾಸದಿಂದ ಸುಸ್ತಾದ ಎಂದು ಆಮೇಲೆ ಉಪವಾಸದ ಮೇಲೆ ಆರೋಪ ಹೊರಿಸಿದೆವು.

ಇನ್ನೊಂದು ಮದುವೆಯ ವಿಷಯ. ಹಿಂದೂಪುರದಲ್ಲಿ ಅಣ್ಣನ ಮಗಳ ಮದುವೆಯೆಂದರೆ ಇಡೀ ಕುಟುಂಬ ಬುಧವಾರ ಹೊರಟು ಸೋಮವಾರ ಮರಳುತ್ತದೆ. ಭಿನ್ನರಾಶಿಯ ಪಾಠ ಅದೇ ವಾರ ಆರಂಭವಾಗಿ ಮುಗಿದಿರುತ್ತದೆ. ಮಗು ಆ ಹಳ್ಳವನ್ನು ಮುಂದಿನ ತರಗತಿಗಳಿಗೂ ಹೊತ್ತುಕೊಂಡು ಹೋಗುತ್ತದೆ. ಮದುವೆಗೆ ಹೋಗಬೇಡಿ ಎನ್ನುವ ಧೈರ್ಯ ನನಗಿಲ್ಲ. ನಿಕಾಹ್‌ನ ದಿನ ಮಕ್ಕಳನ್ನು ಕರೆತನ್ನಿ, ಉಳಿದ ದಿನ ಅಜ್ಜಿಯ ಬಳಿ ಬಿಟ್ಟು ಹೋಗಿ ಎನ್ನಬಲ್ಲೆ.

ಭಾಷೆಯ ತೊಡಕು ಇನ್ನೂ ಆಳವಾದುದು. ನಮ್ಮ ಮಕ್ಕಳು ಮನೆಯಲ್ಲಿ ದಖ್ಖನಿ ಉರ್ದು ಆಡುತ್ತಾರೆ. ಪಾವಗಡದಲ್ಲಿ ಬೀದಿಗೆ ಬಂದರೆ ತೆಲುಗು. ಉರ್ದು ಶಾಲೆಯಲ್ಲಿ ಓದಿದವರು ಮುಂದೆ ಕನ್ನಡ ಮಾಧ್ಯಮಕ್ಕೆ ಬಂದು ಸೇರಿದಾಗ ವಿಜ್ಞಾನದ ಪ್ರಶ್ನೆಗೆ ಉತ್ತರ ತಿಳಿದಿದ್ದರೂ ಬರೆಯಲು ಪದ ಸಿಗದೆ ಒದ್ದಾಡುತ್ತಾರೆ. ಮಗ ದಡ್ಡನೆಂದು ತಾಯಿ ಭಾವಿಸುತ್ತಾಳೆ. ಅವನು ದಡ್ಡನಲ್ಲ. ಕನ್ನಡ ಪತ್ರಿಕೆಯೊಂದನ್ನು ತರಿಸಿ, "ಬೇಟಾ, ಇವತ್ತು ಏನು ಸುದ್ದಿ, ಓದಿ ಹೇಳು" ಎಂದು ತಾಯಿ ಪ್ರತಿದಿನ ಕೇಳಿದರೆ ಸಾಕು. ಆತ ಕನ್ನಡದಲ್ಲಿ ಓದಿ ಉರ್ದುವಿನಲ್ಲಿ ವಿವರಿಸಲಿ. ಆಗ ತಾಯಿಗೆ ಓದು ಬಾರದಿರುವುದೇ ಮಗನ ಪಾಠವಾಗುತ್ತದೆ.

ಎಲ್ಲ ಹೊರೆಯನ್ನೂ ತಂದೆತಾಯಿಗಳ ತಲೆಗೆ ಕಟ್ಟುವವರ ಸಾಲಿನಲ್ಲಿ ನಾನಿಲ್ಲ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಗೆ ಹೋಗಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಮುಸ್ಲಿಮರು ಮಕ್ಕಳನ್ನು ಮದ್ರಸಕ್ಕೆ ಮಾತ್ರ ಕಳುಹಿಸುತ್ತಾರೆ ಎಂಬುದು ಸುಳ್ಳು, ಅಲ್ಲಿ ಕಲಿಯುವವರು ಶೇ. 3ರ ಆಸುಪಾಸು ಎಂದು ತೋರಿಸಿಕೊಟ್ಟದ್ದೂ ಅದೇ ಸಮಿತಿ. ಹೀಗಿದ್ದೂ ಒಂದರಿಂದ ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಇದನ್ನು ಪ್ರಶ್ನಿಸಬೇಕು. ಆದರೆ ಪ್ರಶ್ನಿಸುವವನು ಮೊದಲು ಶಾಲೆಯ ಬಾಗಿಲಿಗೆ ಹೋಗಿರಬೇಕಲ್ಲವೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ನಾವು ಎಸ್‌ಡಿಎಂಸಿ ಎನ್ನುವುದು ಅದನ್ನೇ. ಗಣಿತ ಶಿಕ್ಷಕರ ಹುದ್ದೆ ಖಾಲಿ ಇದೆಯೇ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿದೆಯೇ ಎಂದು ಕೇಳುವ ಅಧಿಕಾರ ಆ ತಾಯಂದಿರಿಗಿದೆ. ಆ ಕುರ್ಚಿಗಳಲ್ಲಿ ನಮ್ಮ ಮನೆಯವರು ಎಷ್ಟು ಮಂದಿ ಕುಳಿತಿದ್ದಾರೆ? ಶಿರಾದವರು 1696ರ ಜಾಮಿಯಾ ಮಸೀದಿಯನ್ನು ನೆಂಟರಿಗೆ ಅಭಿಮಾನದಿಂದ ತೋರಿಸುತ್ತಾರೆ, ತೋರಿಸಲಿ. ಮಗಳು ಕುಳಿತುಕೊಳ್ಳುವ ತರಗತಿ ಕೋಣೆಯನ್ನೂ ವರ್ಷಕ್ಕೊಮ್ಮೆ ನೋಡಿ ಬರಲಿ.

ಕೊನೆಯದಾಗಿ ಫಲಿತಾಂಶದ ದಿನದ ಕುರಿತು. ಅನುತ್ತೀರ್ಣನಾದ ಮಗನಿಗೆ ಆ ಸಂಜೆ ನೀವು ಹೇಳುವ ಮಾತು, ಹಿಂದಿನ ಹತ್ತು ವರ್ಷಗಳ ಮಾತಿಗಿಂತ ಭಾರವಾದುದು. ನೆರೆಮನೆಯ ಹುಡುಗನ ಅಂಕ ಹೇಳಿ ಹಂಗಿಸಬೇಡಿ, ಕೈ ಎತ್ತಬೇಡಿ, "ನಾಳೆಯಿಂದ ಅಂಗಡಿಗೆ ಬಾ" ಎನ್ನಬೇಡಿ. ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದೆ. ಎರಡನೆಯದಕ್ಕೆ ನೋಂದಾಯಿಸಲು ಸಿಗುವ ಕಾಲಾವಕಾಶ ಬಹಳ ಕಡಿಮೆ. ಅತ್ತು ಕರೆದು, ಮುನಿಸಿಕೊಂಡು ಕುಳಿತಿರುವಾಗಲೇ ಅದು ಮುಗಿದುಹೋಗುತ್ತದೆ. ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಮೊದಲು ಮಗನನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ.