ಸಭಾಪತಿಯ ಧರ್ಮ

(ಉಪಾಧ್ಯಾಯರೂ ನಾಗರಿಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಶಾಸನಸಭೆಯಲ್ಲಿ ಗದ್ದಲವೆದ್ದ ವಾರ್ತೆಯನ್ನು ಓದಿದಾಗಲೆಲ್ಲ ನಮ್ಮ ಜನರ ಬಾಯಿಂದ ಎರಡು ಬಗೆಯ ಮಾತುಗಳು ಹೊರಡುವವು. "ಸಭಾಧ್ಯಕ್ಷರು ಇಷ್ಟೇಕೆ ಸಹಿಸಿದರು? ಎಲ್ಲರನ್ನೂ ಹೊರಗೆ ಹಾಕಬೇಕಿತ್ತು" ಎಂದು ಒಬ್ಬರು, "ಪ್ರಜೆಗಳ ಪ್ರತಿನಿಧಿಯ ಬಾಯಿ ಮುಚ್ಚಿಸಲು ಇವರಾರು?" ಎಂದು ಇನ್ನೊಬ್ಬರು. ಎರಡೂ ಮಾತುಗಳಲ್ಲಿ ಅಡಗಿರುವ ತಪ್ಪು ಒಂದೇ. ಶಿಸ್ತು ಹೆಚ್ಚಿದರೆ ಸ್ವಾತಂತ್ರ್ಯ ಕುಗ್ಗುವದು, ಸ್ವಾತಂತ್ರ್ಯ ಹೆಚ್ಚಿದರೆ ಶಿಸ್ತು ಕೆಡುವದು ಎಂಬ ಭಾವನೆಯೇ ಆ ತಪ್ಪು. ಸಭೆಯ ಶಿಸ್ತು ಇರುವದೇ ಮಾತಿಗಾಗಿ. ಮಾತನ್ನು ಉಳಿಸದ ಶಿಸ್ತು ಶಿಸ್ತೇ ಅಲ್ಲ ಎಂಬುದನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಬಯಸುತ್ತೇವೆ.

ಸಭೆಯು ಬರಿದೆ ಮಾತನಾಡಲು ಕೂಡುವದಿಲ್ಲ. ಒಂದು ಪ್ರಶ್ನೆಗೆ ಹೌದು ಅಥವಾ ಅಲ್ಲ ಎನ್ನಲು ಕೂಡುವದು. ಸದಸ್ಯನು ಸೂಚನೆಯನ್ನು ತರುವನು. ಅಧ್ಯಕ್ಷನು ಅದನ್ನು ಸಭೆಯ ಮುಂದಿಡುವನು. ಆ ಕ್ಷಣದಿಂದ ಪ್ರತಿಯೊಂದು ಮಾತೂ ಆ ಸೂಚನೆಗೆ ಮುಖಮಾಡಿರಬೇಕು. ತಿದ್ದುಪಡಿ ಬಂದರೆ ತಿದ್ದುಪಡಿಯ ಮೇರೆಯೊಳಗೇ ಮಾತು ನಿಲ್ಲಬೇಕು. ಕೆರೆಯ ನೀರು ಕಾಲುವೆಯಲ್ಲಿ ಹರಿದರೆ ಕಡೆಯ ಗದ್ದೆಯವನಿಗೂ ಸಲ್ಲುವದು. ಏರಿಯೊಡೆದು ಹರಿದರೆ ಯಾರಿಗೂ ದಕ್ಕದು. ಸಭೆಯ ಹೊತ್ತೂ ಹಾಗೆಯೇ. ಒಬ್ಬನು ವಿಷಯ ಬಿಟ್ಟು ಒಂದು ತಾಸು ಮಾತನಾಡಿದರೆ, ಹಿಂದಿನ ಸಾಲಿನಲ್ಲಿ ಸರದಿಗಾಗಿ ಕಾದಿರುವವನ ತಾಸನ್ನು ಕಸಿದುಕೊಂಡಂತಾಯಿತು. ನಮ್ಮ ಲೋಕಸಭೆಯ 356ನೆಯ ನಿಯಮವು ಇದಕ್ಕಾಗಿಯೇ ಇರುವದು. ಅಪ್ರಸ್ತುತವಾಗಿ ಮಾತನಾಡುತ್ತಲೇ ಇರುವ, ಇಲ್ಲವೆ ಹೇಳಿದ ವಾದವನ್ನೇ ಬೇಸರ ಬರುವಷ್ಟು ಸಾರಿ ಹೇಳುವ ಸದಸ್ಯನ ನಡತೆಯತ್ತ ಸಭಾಧ್ಯಕ್ಷನು ಮೊದಲು ಸಭೆಯ ಲಕ್ಷ್ಯವನ್ನು ಸೆಳೆಯಬೇಕು. ಆ ಬಳಿಕವೇ ಮಾತು ನಿಲ್ಲಿಸೆಂದು ಹೇಳಬಹುದು. ಎಚ್ಚರಿಕೆ ಮೊದಲು, ತಡೆ ಅನಂತರ.

ಇಂಥ ನಿಯಮಗಳು ಹುಟ್ಟಿದ ಬಗೆಯು ತಿಳಿಯತಕ್ಕದ್ದಾಗಿದೆ. 1881ರಲ್ಲಿ ಇಂಗ್ಲಂಡದ ಕಾಮನ್ಸ್ ಸಭೆಗೆ ಸರಕಾರವು ಒಂದು ಮಸೂದೆಯನ್ನು ತಂದಿತು. ಆಯರ್ಲಂಡದ ಜನರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅದು ಅಧಿಕಾರ ಕೊಡುತ್ತಿತ್ತು. ಪಾರ್ನೆಲ್ಲರ ಅನುಯಾಯಿಗಳಿಗೆ ಸಂಖ್ಯಾಬಲವಿರಲಿಲ್ಲ. ನಾಲಿಗೆಯ ಬಲವೊಂದೇ ಇತ್ತು. ಜನವರಿ 31ರ ಸೋಮವಾರ ಕೂಡಿದ ಸಭೆಯು ಬುಧವಾರ ಬೆಳಗಿನವರೆಗೆ, 41 ತಾಸು ನಡೆಯಿತು. ಕೊನೆಗೆ ಸ್ಪೀಕರ್ ಬ್ರ್ಯಾಂಡರು ಎದ್ದು, ಯಾವ ಲಿಖಿತ ನಿಯಮವೂ ಇಲ್ಲದಿರಲು, ತಮ್ಮ ಹೊಣೆಯ ಮೇಲೆಯೇ ಚರ್ಚೆಯನ್ನು ಮುಗಿಸಿ ಪ್ರಶ್ನೆಯನ್ನು ಮತಕ್ಕೆ ಹಾಕಿದರು. 1882ರಲ್ಲಿ ಚರ್ಚೆಯನ್ನು ಮುಕ್ತಾಯ ಮಾಡುವ ಅಧಿಕಾರವು ನಿಯಮವಾಗಿಯೇ ಬಂದಿತು. ಆಳಿಸಿಕೊಂಡ ನಾಡಿನವರಾದ ನಮಗೆ ಆಯರ್ಲಂಡದವರನ್ನು ಹಳಿಯಲು ಮನಸ್ಸು ಬಾರದು. ಆದರೆ ಪಾಠವನ್ನು ಮರೆಯಲಾಗದು: ಮಾತನ್ನೇ ಅಡ್ಡಗೋಡೆಯಾಗಿ ಕಟ್ಟಿದವರು, ಮುಂದಿನ ಬಹುಮತಗಳೆಲ್ಲ ಮಾತನ್ನು ಕಡಿಯಲು ಬಳಸುವ ಕತ್ತಿಯನ್ನೂ ತಿಳಿಯದೆಯೇ ಮಸೆದುಕೊಟ್ಟರು.

ಇನ್ನು ನಮ್ಮ ದೇಶದ ಮಾತು. 1925ರ ಆಗಸ್ಟದಲ್ಲಿ ವಿಠ್ಠಲಭಾಯಿ ಪಟೇಲರು ಕೇಂದ್ರ ಶಾಸನಸಭೆಯ ಅಧ್ಯಕ್ಷರಾದರು. ಸರಕಾರವು ನೇಮಿಸದೆ ಸಭೆಯೇ ಚುನಾಯಿಸಿದ ಮೊದಲನೆಯ ಅಧ್ಯಕ್ಷರವರು. ಸ್ವರಾಜ್ಯ ಪಕ್ಷದ ಧುರೀಣರಾಗಿದ್ದವರು ಪೀಠವೇರಿದೊಡನೆ ಪಕ್ಷವನ್ನು ತೊರೆದರು. 1928ರ ಸಪ್ಟಂಬರದಲ್ಲಿ ಸರಕಾರವು ಸಾರ್ವಜನಿಕ ಸುರಕ್ಷತೆಯ ಮಸೂದೆಯನ್ನು ತಂದಾಗ ಎರಡೂ ಕಡೆಗೆ 61 ಮತಗಳು ಬಿದ್ದವು. ಅಸಾಧಾರಣ ಅಧಿಕಾರವನ್ನು ಬೇಡುವವರು ಬಹುಮತವನ್ನು ತಾವೇ ಗಳಿಸಬೇಕಲ್ಲದೆ ಪೀಠದಿಂದ ಪಡೆಯಕೂಡದೆಂದು ಪಟೇಲರು ತಮ್ಮ ನಿರ್ಣಾಯಕ ಮತವನ್ನು ಮಸೂದೆಗೆ ವಿರುದ್ಧವಾಗಿ ಕೊಟ್ಟರು.

1929ರಲ್ಲಿ ಮಸೂದೆಯು ಮತ್ತೆ ಬಂದಿತು. ಅಷ್ಟರಲ್ಲಿ ಮೀರತ ಒಳಸಂಚಿನ ಖಟ್ಲೆಯು ಕೋರ್ಟನ್ನು ಸೇರಿತ್ತು. ಮಸೂದೆಗೆ ಸರಕಾರವು ಕೊಡುವ ಕಾರಣಗಳೂ ಖಟ್ಲೆಯ ಆರೋಪಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಕೋರ್ಟಿನ ಮುಂದಿರುವ ವಿಷಯವನ್ನು ಸಭೆಯಲ್ಲಿ ಎತ್ತಕೂಡದೆಂಬುದು ನಿಯಮ. ಸಾಮಾನ್ಯನಾದ ಅಧ್ಯಕ್ಷನಿಗೆ ಇಲ್ಲಿ ಒಂದು ಸುಲಭದ ಹಾದಿಯಿತ್ತು. ಖಟ್ಲೆಯ ಹೆಸರೆತ್ತಿದವರನ್ನೆಲ್ಲ ಒಬ್ಬೊಬ್ಬರಾಗಿ ಕುಳ್ಳಿರಿಸಿ, ಕೊನೆಗೆ ಮತ ತೆಗೆದುಕೊಂಡರೆ ಸಾಕು. ಸಭೆಯು ಶಾಂತವಾಗಿರುತ್ತಿತ್ತು, ಆದರೆ ಜೀವವಿರುತ್ತಿರಲಿಲ್ಲ. ಪಟೇಲರು ಹಾಗೆ ಮಾಡಲಿಲ್ಲ. ಖಟ್ಲೆ ಮುಗಿಯುವವರೆಗೆ ಮಸೂದೆಯನ್ನು ಮುಂದೂಡಿರಿ, ಇಲ್ಲವೆ ಖಟ್ಲೆಯನ್ನು ಹಿಂದೆಗೆದುಕೊಳ್ಳಿರಿ ಎಂದು ಸರಕಾರಕ್ಕೆ ಸೂಚಿಸಿದರು. ಸರಕಾರವು ಒಪ್ಪಲಿಲ್ಲ. ಎಪ್ರಿಲ್ 8ರಂದು ಅವರು ತೀರ್ಪು ಕೊಡಲು ಎದ್ದಾಗಲೇ ಭಗತಸಿಂಗ ಮತ್ತು ಬಟುಕೇಶ್ವರ ದತ್ತರು ಸಭೆಯಲ್ಲಿ ಬಾಂಬುಗಳನ್ನೆಸೆದರು. ಆದರೂ ಪೀಠವು ವಿಚಲಿತವಾಗಲಿಲ್ಲ. ಎಪ್ರಿಲ್ 11ರಂದು ಪಟೇಲರು ನಿಜವಾದ ಚರ್ಚೆಯೇ ಅಶಕ್ಯವಾಗಿರುವಾಗ ಸೂಚನೆಯು ಕ್ರಮಬದ್ಧವಲ್ಲವೆಂದು ತೀರ್ಪಿತ್ತರು. ವೈಸರಾಯರು ಸುಗ್ರೀವಾಜ್ಞೆಯಿಂದ ತಮ್ಮ ಕಾರ್ಯವನ್ನು ಸಾಧಿಸಿಕೊಂಡರು, ನಿಜ. ಆದರೆ ಆ ಕಾಯಿದೆಗೆ ಸಭೆಯ ಮುದ್ರೆ ಬೀಳಲಿಲ್ಲ. ಸದಸ್ಯನ ಬಾಯನ್ನು ಕಟ್ಟಬಹುದಾಗಿದ್ದ ನಿಯಮವನ್ನೇ ಅವರು ಅವನ ಮಾತಿನ ಕಾವಲಿಗೆ ನಿಲ್ಲಿಸಿದರು. ಇದೇ ಸಭಾಪತಿಯ ಧರ್ಮ.

ಈ ಧರ್ಮವು ನಮಗೆ ಇಂದೂ ಬೇಕಾಗಿದೆ. 2023ರ ಡಿಸೆಂಬರದಲ್ಲಿ ಪಾರ್ಲಿಮೆಂಟಿನ ಎರಡೂ ಸದನಗಳಿಂದ 146 ಜನ ವಿರೋಧಪಕ್ಷದ ಸದಸ್ಯರು ಅಮಾನತುಗೊಂಡರು. ಫಲಕಗಳನ್ನು ಹಿಡಿದು ಅಂಗಳಕ್ಕಿಳಿದದ್ದು ನಿಯಮಭಂಗವೇ ಸರಿ. ಆದರೆ ದೇಶದ ದಂಡಸಂಹಿತೆಯನ್ನೇ ಬದಲಿಸುವ ಮಸೂದೆಗಳು ಅದೇ ವಾರದಲ್ಲಿ ಬರಿದಾದ ಆಸನಗಳ ಮುಂದೆ ಅಂಗೀಕಾರವಾದವು. ಗದ್ದಲವಿಲ್ಲದ್ದನ್ನೆಲ್ಲ ಶಿಸ್ತೆಂದು ಕರೆಯುವದಾದರೆ ಸ್ಮಶಾನದಷ್ಟು ಶಿಸ್ತಿನ ಸ್ಥಳ ಇನ್ನಾವುದು? ಕೂಗುವವನು ತನ್ನ ಪಕ್ಷದ ವಾದವನ್ನೇ ಕೊಲ್ಲುವನು. ಹೊರಹಾಕುವವನು ಸಭೆಯ ವಿವೇಕವನ್ನೇ ಹೊರಹಾಕುವನು.

ಆದುದರಿಂದ ಪೀಠದ ಮೇಲಿನ ವಿಶ್ವಾಸವೇ ಎಲ್ಲದರ ಬೇರು. 1967ರಲ್ಲಿ ನೀಲಂ ಸಂಜೀವ ರೆಡ್ಡಿಯವರು ಲೋಕಸಭೆಯ ಅಧ್ಯಕ್ಷರಾದೊಡನೆ ಪಕ್ಷದ ಸದಸ್ಯತ್ವವನ್ನು ಬಿಟ್ಟುಕೊಟ್ಟರು. ಸಂವಿಧಾನವು ಇದನ್ನು ಕಡ್ಡಾಯ ಮಾಡಿಲ್ಲ, ಮನಸ್ಸಾಕ್ಷಿಗೆ ಬಿಟ್ಟಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಅದಕ್ಕೆಂದೇ, ತನ್ನನ್ನು ಪದಚ್ಯುತಗೊಳಿಸುವ ಠರಾವು ಚರ್ಚೆಯಲ್ಲಿರುವಾಗ ಅಧ್ಯಕ್ಷನು ಪೀಠದಲ್ಲಿ ಕೂಡ್ರಕೂಡದೆಂದು ಸಂವಿಧಾನದ 96ನೆಯ ಅನುಚ್ಛೇದವು ವಿಧಿಸಿದೆ. ಮೊದಲನೆಯ ಸಭಾಧ್ಯಕ್ಷರಾದ ಮಾವಳಂಕರರ ಮೇಲೆಯೇ 1954ರ ಡಿಸೆಂಬರದಲ್ಲಿ ಅಂಥ ಠರಾವು ಬಂದು ಬಿದ್ದುಹೋಯಿತು. ಪೀಠವೂ ಉತ್ತರ ಕೊಡತಕ್ಕದ್ದೆಂಬುದನ್ನು ಆ ಪ್ರಸಂಗವು ತೋರಿಸಿತು.

ಮಹಾಜನರೇ, ಈ ವಿದ್ಯೆಯ ಪಾಠಶಾಲೆ ದಿಲ್ಲಿಯಲ್ಲಿಲ್ಲ. ನಮ್ಮ ಶಾಲೆಯ ಚರ್ಚಾಕೂಟದಲ್ಲಿ, ಗ್ರಾಮಪಂಚಾಯತಿಯಲ್ಲಿ, ಊರ ಸಂಘಗಳಲ್ಲಿ ಇದೆ. ಅಲ್ಲಿ ಪೀಠದಲ್ಲಿ ಕುಳಿತವನು ಸೂಚನೆಯನ್ನು ಎಲ್ಲರಿಗೂ ಕೇಳುವಂತೆ ಓದಲಿ. ಮಾತು ದಾರಿ ಬಿಟ್ಟಾಗ, "ಇದಕ್ಕೂ ಸೂಚನೆಗೂ ಸಂಬಂಧವೇನು?" ಎಂದು ಸೌಮ್ಯವಾಗಿ ಕೇಳಲಿ. ತನಗೆ ಸೇರದ ಅಭಿಪ್ರಾಯದವನಿಗೆ ಮರೆಯದೆ ಸರದಿ ಕೊಡಲಿ. ತನ್ನ ಅಭಿಪ್ರಾಯವನ್ನು ತನ್ನಲ್ಲೇ ಇಟ್ಟುಕೊಳ್ಳಲಿ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಹೇಳಿದರು. ಮಾತನಾಡಿಸಬಲ್ಲವನು ಪೀಠದಲ್ಲಿದ್ದರೆ ಸಭೆಗೂ ಜಗಳವಿಲ್ಲ. ಇಂದು ತಮ್ಮ ತರಗತಿಯಲ್ಲಿ ಎದುರುವಾದವನ್ನು ಕೊನೆಯವರೆಗೂ ಕೇಳಲು ಕಲಿತ ಬಾಲಕನೇ ನಾಳೆ ಶಾಸನಸಭೆಯ ಪೀಠಕ್ಕೆ ಯೋಗ್ಯನಾಗುವನು. ಆ ಬಾಲಕನನ್ನು ಸಿದ್ಧಗೊಳಿಸುವ ಭಾರವು ತಮ್ಮಂಥವರ ಮೇಲಿದೆ.