ಹವಳ ಕಾಯುವ ದಡ

ಮಾಲ್ಡೀವ್ಸ್‌ನ ರೆಸಾರ್ಟ್‌ಗಳಿಗೆ ಹೋಗಿಬಂದವರು ಮೊದಲು ನೆನೆಯುವುದು ಅಲ್ಲಿಯ ಶಾಂತ ಕಡಲನ್ನು. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಾಗಿನಿಂದ ಜಗತ್ತು ಆ ಶಾಂತಿಗಾಗಿ ಅಲ್ಲಿಗೆ ಹೋಗುತ್ತಿದೆ. ಅದನ್ನು ಕಾಯುತ್ತಿರುವುದು ಹವಳದ ದಿಬ್ಬ. ಸಾಗರದ ಅಲೆ ಅಲ್ಲೇ ಒಡೆದು, ದಡ ಮುಟ್ಟುವಾಗ ಬಲ ಕಳೆದುಕೊಂಡಿರುತ್ತದೆ. ಪಾದಕ್ಕೆ ಮೆತ್ತಗೆ ತಾಗುವ ಬಿಳಿ ಮರಳೂ ಬಹುಪಾಲು ಹವಳದ್ದೇ. ಗಿಳಿಮೀನು ಪಾಚಿಗಾಗಿ ಹವಳದ ಬಂಡೆಯನ್ನು ಕೆರೆಯುತ್ತದೆ. ನುಂಗಿದ ಚೂರು ಅದರ ಒಡಲಲ್ಲಿ ನುಣ್ಣಗಾಗಿ ಮರಳಾಗಿ ಹೊರಬೀಳುತ್ತದೆ. ಎಂಥ ಸೋಜಿಗ! ಒಂದು ಹಿಡಿ ಮರಳಿನ ಹಿಂದೆ ಎಷ್ಟೊಂದು ಜೀವಗಳ ದುಡಿಮೆ.

1998ರಲ್ಲಿ ಕಡಲು ಬಿಸಿಯೇರಿ ಅಲ್ಲಿಯ ಹವಳ ಬಿಳಿಚಿ ಅಪಾರವಾಗಿ ಸತ್ತಿತು. 2016ರಲ್ಲಿ ಮತ್ತೆ ಪೆಟ್ಟು ಬಿತ್ತು. ಕೇಳುಗರೇ, ನೀವು ಅಲ್ಲಿಗೆ ಹೋದರೆ ದಯವಿಟ್ಟು ಹವಳದ ಮೇಲೆ ಕಾಲೂರಬೇಡಿ, ಚೂರನ್ನೂ ಎತ್ತಿಕೊಳ್ಳಬೇಡಿ.