ದ್ರಾಕ್ಷಿಯ ನೆಲದಲ್ಲಿ ರಾಷ್ಟ್ರಕೂಟರ ಜಾಡು



ನಾಸಿಕದ ದ್ರಾಕ್ಷಿ ತೋಟಗಳ ಪ್ರವಾಸವನ್ನು ಕುರಿತು ನಾನು ಮಾತನಾಡಲಿರುವೆನೆಂದು ತಿಳಿದ ಹಿರಿಯರೊಬ್ಬರು, "ಕನ್ನಡ ಸಂಘಕ್ಕೂ ಮದ್ಯಕ್ಕೂ ಏನು ಸಂಬಂಧ ಮಾರಾಯರೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕುಡಿಯುವುದು, ಬಿಡುವುದು ಅವರವರಿಗೆ ಸೇರಿದ್ದು. ನಾನು ಹೇಳಹೊರಟಿರುವುದು ಆ ತೋಟಗಳು ನಿಂತಿರುವ ನೆಲದ ವಿಷಯ.

ಕಲ್ಯಾಣದಿಂದ ಕಸಾರಾ ಘಾಟಿಯನ್ನೇರಿ ಇಗತಪುರಿ ದಾಟಿದರೆ ಹವೆಯೇ ಬೇರೆ. ಸುಮಾರು 600 ಮೀಟರ್ ಎತ್ತರದ ಆ ಬಯಲಿನಲ್ಲಿ ತಿನ್ನುವ ದ್ರಾಕ್ಷಿ ಹಿಂದಿನಿಂದಲೂ ಬೆಳೆಯುತ್ತಿತ್ತು. 1990ರ ದಶಕದ ಕೊನೆಯಲ್ಲಿ ರಾಜೀವ್ ಸಾಮಂತರು ಗಂಗಾಪುರ ಜಲಾಶಯದ ಬಳಿ ವೈನಿಗೆಂದೇ ಫ್ರೆಂಚ್ ತಳಿಗಳನ್ನು ನೆಟ್ಟು 'ಸುಲಾ' ಸಂಸ್ಥೆಯನ್ನು ಕಟ್ಟಿದರು. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣಾ ನೀತಿಯನ್ನು ಪ್ರಕಟಿಸಿದ ಮೇಲೆ ದಿಂಡೋರಿಯ ಕಡೆಗೂ ವೈನರಿಗಳು ಹಬ್ಬಿದವು. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ಬೇಸಗೆಯಲ್ಲೊಮ್ಮೆ, ಮಳೆ ಕಳೆದ ಮೇಲೊಮ್ಮೆ ಅದನ್ನು ಕತ್ತರಿಸಬೇಕು. ವಿಜಯಪುರದ ಕಡೆಯಿಂದ ಬಂದವರಿಗೆ ಇದು ಹೊಸತಲ್ಲ. ಅಲ್ಲಿನ ದ್ರಾಕ್ಷಿ ಪಡಗಳಲ್ಲಿಯೂ ವರ್ಷಕ್ಕೆರಡು ಚಾಟನಿ ಉಂಟಷ್ಟೆ. ಆ ಪಡಗಳ ಒಣದ್ರಾಕ್ಷಿ ಇಂದಿಗೂ ಸಾಂಗಲಿ ಜಿಲ್ಲೆಯ ತಾಸಗಾಂವ ಪೇಟೆಗೆ ಹೋಗುತ್ತದೆ. ಗಡಿಯ ಜಗಳ ಈ ವ್ಯಾಪಾರವನ್ನು ತಡೆದಿಲ್ಲ.

ದಿಂಡೋರಿಯ ಕಡೆಯ ವೈನರಿಯೊಂದನ್ನು ನಾನು ನೋಡಿಬಂದೆ. ಮಾರ್ಗದರ್ಶಿಯಾಗಿದ್ದ ತರುಣ ಓಕ್ ಮರದ ಪೀಪಾಯಿಗಳ ವಿಷಯವನ್ನೂ ಗಾಜಿನ ಲೋಟವನ್ನು ಹಿಡಿಯುವ ಕ್ರಮವನ್ನೂ ಸೊಗಸಾಗಿ ವಿವರಿಸಿದ. ಇತಿಹಾಸದ ಗ್ರಂಥಗಳಲ್ಲಿ ದಿಂಡೋರಿಯ ಹೆಸರು ಏಕೆ ಬರುತ್ತದೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ವಣಿ-ದಿಂಡೋರಿ ತಾಮ್ರಪಟಗಳೆಂದು ವಿದ್ವಾಂಸರು ಕರೆಯುವ ಶಾಸನ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನದು. ಒಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊರಟ ಆ ಸಂಸ್ಕೃತ ಶಾಸನ ಮಯೂರಖಂಡಿಯಿಂದ ಹೊರಟಿತು. ವಣಿಯ ಬಳಿ, ಸಪ್ತಶೃಂಗಿಯ ಎದುರಿಗೆ ನಿಂತಿರುವ ಮಾರ್ಕಿಂಡಾ ಬೆಟ್ಟವೇ ಆ ಮಯೂರಖಂಡಿ ಎಂದು ಹಲವರ ಮತ. ಬೀದರ ಸೀಮೆಯತ್ತ ಕೈತೋರಿಸುವವರೂ ಇದ್ದಾರೆ. ಬೆಟ್ಟ ಯಾವುದೇ ಇರಲಿ, ತಾಮ್ರಪಟ ಈ ಸೀಮೆಯದೇ.

ಈ ಗೋವಿಂದನ ಮಗನೇ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗ. ಅವನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೆಸರಿಸಿದ್ದು ನಾವೆಲ್ಲ ರಾಜ್ಯೋತ್ಸವದ ವೇದಿಕೆಗಳಲ್ಲಿ ಕೇಳಿಕೇಳಿ ದಣಿದಿರುವ ಸಂಗತಿ. ಆ ಗೋದಾವರಿ ಹುಟ್ಟುವುದು ತ್ರ್ಯಂಬಕದಲ್ಲಿ. ಗಂಗಾಪುರ ಜಲಾಶಯ ಅದೇ ನದಿಯದು. ಆ ದಡದಲ್ಲಿ ಕುಳಿತು ವೈನು ಸವಿಯುವ ಡೊಂಬಿವಲಿಯ ಕನ್ನಡ ತರುಣರಿಗೆ ಇದು ತಿಳಿಯದಿರುವುದು ನನಗೆ ಖೇದವೆನಿಸಿತು.

ನಾವು ವಾಸಿಸುವ ಸ್ಥಳಗಳಾದರೂ ಈ ಕಥೆಯ ಹೊರಗಿಲ್ಲ. ಉತ್ತರ ಕೊಂಕಣದ ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರು. ಠಾಣೆ ಅವರ ಪ್ರಮುಖ ಪಟ್ಟಣ. ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಕಲ್ಯಾಣದಿಂದ ಕರ್ಜತ್ ಗಾಡಿಯಲ್ಲಿ ಮೂರನೆಯ ನಿಲ್ದಾಣವಾದ ಅಂಬರನಾಥದಲ್ಲಿ ಶಿಲಾಹಾರರ ಶಿವಾಲಯ, 1060ರ ಶಾಸನದೊಡನೆ, ಇನ್ನೂ ಪೂಜೆಗೊಳ್ಳುತ್ತಿದೆ. ಆ ವೇಳೆಗೆ ರಾಷ್ಟ್ರಕೂಟರು ಅಳಿದು ಎಂಬತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು.

ಇದನ್ನೆಲ್ಲ ಹೇಳುವುದು ಹಕ್ಕು ಸಾಧಿಸುವುದಕ್ಕಲ್ಲ. ಹಾಗೆಂದು ಯಾರಾದರೂ ತಿಳಿದರೆ ನಮಗೂ ಮರಾಠಿ ಬಾಂಧವರಿಗೂ ನಷ್ಟವೇ. ಮರಾಠಿ ಶಾಲೆಯಲ್ಲೋ ಇಂಗ್ಲಿಷ್ ಶಾಲೆಯಲ್ಲೋ ಓದುವ ನಮ್ಮ ಮಕ್ಕಳು ತಾವು ಬೇರೊಬ್ಬರ ಮನೆಯಲ್ಲಿ ಬಿಡಾರ ಹೂಡಿದವರೆಂದು ಕುಗ್ಗಬಾರದು, ಇಲ್ಲಿನ ಇತಿಹಾಸದಲ್ಲಿ ಎರಡು ನುಡಿಗಳ ಜನ ಬಹುಕಾಲ ಬೆರೆತಿದ್ದರೆಂದು ಅರಿಯಬೇಕು, ಇಷ್ಟೇ ನನ್ನ ಆಶಯ.

ಜರ್ಮನಿಯ ರೈನ್ ನದಿಯ ದ್ರಾಕ್ಷಿ ಸೀಮೆಯಲ್ಲಿ ಎಬರ್ಬಾಖ್ ಎಂಬ ಮಠವಿದೆ. ಸಿಸ್ಟರ್ಷಿಯನ್ ಸನ್ಯಾಸಿಗಳು 1136ರಲ್ಲಿ ಸ್ಥಾಪಿಸಿದ್ದು. ವೈನು ಸವಿಯಲು ಹೋದವನು ಅಲ್ಲಿ ಹಳೆಯ ಮರದ ಗಾಣಗಳನ್ನೂ ಕಲ್ಲಿನ ಕಮಾನುಗಳನ್ನೂ ಕಾಣುತ್ತಾನೆ. ದ್ರಾಕ್ಷಿ, ಚರಿತ್ರೆ ಎಂದು ಎರಡು ಟಿಕೀಟು ಮಾಡುವ ಯೋಚನೆಯೇ ಅಲ್ಲಿ ಹುಟ್ಟದು. ನಾಸಿಕದಲ್ಲಿ ಪಾಂಡವಲೇಣಿಯ 24 ಬೌದ್ಧ ಗುಹೆಗಳು ಮುಂಬಯಿ-ಆಗ್ರಾ ಹೆದ್ದಾರಿಯ ಪಕ್ಕದಲ್ಲಿಯೇ ಇವೆ. ಮೂರನೆಯ ಗುಹೆಯಲ್ಲಿ ತಾಯಿ ಗೌತಮೀ ಬಲಶ್ರೀ ತನ್ನ ಮಗ ಸಾತಕರ್ಣಿಯನ್ನು ಸ್ಮರಿಸಿ ಬರೆಯಿಸಿದ ಪ್ರಾಕೃತ ಶಾಸನವಿದೆ. ಅದೇ ಸಾತವಾಹನರ ಕುರುಹುಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿವೆ. ವೈನರಿಗೆ ಧಾವಿಸುವ ಕಾರುಗಳು ಆ ಬೆಟ್ಟದ ಬುಡದಲ್ಲಿ ನಿಲ್ಲುವುದು ಅಪರೂಪ.

ಕೊನೆಯದಾಗಿ ಒಂದು ಸೂಚನೆ. ಸಂಘದ ಬಸ್ಸು ಬೆಳಗಿನ ಆರಕ್ಕೆ ಡೊಂಬಿವಲಿಯಿಂದ ಹೊರಡಲಿ. ಬಿಸಿಲೇರುವ ಮೊದಲು ಪಾಂಡವಲೇಣಿಯ ಮೆಟ್ಟಿಲು ಹತ್ತೋಣ, ಮಧ್ಯಾಹ್ನ ತೋಟ, ಸಂಜೆ ದಿಂಡೋರಿ. ಮಾರ್ಕಿಂಡಾ ಹತ್ತುವವರು ವಣಿಯಲ್ಲಿ ಒಂದು ರಾತ್ರಿ ಉಳಿಯಬೇಕಾದೀತು. ಫೆಬ್ರವರಿಯಾದರೆ ಕೊಯ್ಲೂ ನೋಡಲು ಸಿಗುತ್ತದೆ. ಕುಡಿಯದವರಿಗೆ ತಿನ್ನುವ ದ್ರಾಕ್ಷಿ ರಸ್ತೆಯ ಬದಿಯಲ್ಲೇ ಬುಟ್ಟಿಗಟ್ಟಲೆ ದೊರೆಯುತ್ತದೆ.